ವನಮಾಲೆಯ ಇಪ್ಪತ್ತೇಳನೆಯ ಕಂತು

ಒಂದೇ ಕಾದಂಬರಿಯನ್ನು ಮೂವತ್ತು ಸಲ ಓದಿದವರನ್ನು ನೀವು ನೋಡಿಲ್ಲವಾದರೆ ಒಮ್ಮೆ ಮಣ್ಣಗುಡ್ಡದ ಕಡೆ ಬನ್ನಿ, ಚಹಾ ಕೊಟ್ಟು ಮುಖ ತೋರಿಸುತ್ತೇನೆ. ಮೂವತ್ತು ಎಂದದ್ದು ಸಂಕೋಚಕ್ಕೆ. ಲೆಕ್ಕ ತಪ್ಪಿ ಎಷ್ಟೋ ಕಾಲವಾಯಿತು. ಹೈಸ್ಕೂಲಿನ ಕೆಲಸದಿಂದ ನಿವೃತ್ತಳಾದ ಮೇಲೆ ನನಗೆ ಮನೆ ಚೊಕ್ಕ ಮಾಡುವ ಹುಚ್ಚು ಹತ್ತಿತು. ಸ್ಟೂಲು ಹತ್ತಿ ಕಪಾಟು ಖಾಲಿ ಮಾಡುತ್ತಿದ್ದಾಗ ನಮ್ಮ ಯಜಮಾನರು ಇಟ್ಟಿಗೆಯಂತಹ ಒಂದು ಪುಸ್ತಕವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದು ಗುಜರಿಗಾ?" ಎಂದು ಕೇಳಿದರು. ನಾನು ಸ್ಟೂಲಿನಿಂದ ಹಾರಿದೆ. ಮಂಡಿನೋವಿನ ಹೆಂಗಸು ಹಾಗೆ ಹಾರಿದ್ದನ್ನು ಕಂಡು ಅವರೇ ಹೆದರಿ ಪುಸ್ತಕವನ್ನು ಮೆಲ್ಲನೆ ಕೆಳಗಿಟ್ಟರು.

ಅದು ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ. ನಾನು ಚಿಕ್ಕವಳಿದ್ದಾಗ ಒಂದು ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿಟ್ಟು, ಕಥೆ ಮುಗಿದ ಮೇಲೆ ಒಟ್ಟಿಗೆ ಹೊಲಿದದ್ದು. ಹೊಲಿದವರು ನನ್ನ ಅಪ್ಪ. ಅಪ್ಪ ಸಣ್ಣ ದೇವಸ್ಥಾನವೊಂದರ ಅರ್ಚಕರು. ಪೂಜೆ ಮುಗಿಸಿ ಬಂದು, ಊಟ ಮಾಡಿ, ದಬ್ಬಳಕ್ಕೆ ದಾರ ಪೋಣಿಸಿ ಕುಳಿತರೆಂದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುವ ಹಾಗಿರಲಿಲ್ಲ. ಮೈದಾ ಹಿಟ್ಟಿನ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತು, ಹೊರಗಿನ ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ. ಹೀಗಾಗಿ ನಮ್ಮ ಮನೆಯ ಪ್ರೇಮಕಥೆಗಳ ಮುಖಪುಟದಲ್ಲೆಲ್ಲ ಗಣಪತಿಯೋ ಲಕ್ಷ್ಮಿಯೋ ಇರುತ್ತಿದ್ದರು. ಒಂದು ಕೊಲೆಯ ಕಥೆಗೆ ಸತ್ಯನಾರಾಯಣ ಸ್ವಾಮಿ ಕಾವಲಿದ್ದ.

ಆಗ ನಮ್ಮ ಬೀದಿಯಲ್ಲಿ ಮೂರು ಮನೆಗೆ ಸೇರಿ ಒಂದೇ ಪತ್ರಿಕೆ. ಮೂರು ಮನೆ ಸುತ್ತಿ ಬರುವಷ್ಟರಲ್ಲಿ ಯಾವುದೋ ವಾರದ ಪುಟದ ಮೇಲೆ ಸಾರು ಚೆಲ್ಲಿರುತ್ತಿತ್ತು, ಇನ್ನು ಯಾವುದೋ ವಾರದ್ದು ಪೂರ್ತಿ ಮಾಯವಾಗಿರುತ್ತಿತ್ತು. ಹಾಗಾದಾಗ ಬೇರೆ ಬೀದಿಯವರ ಪ್ರತಿಯನ್ನು ಒಂದು ದಿನದ ಮಟ್ಟಿಗೆ ಎರವಲು ತಂದು, ಆ ಕಂತನ್ನು ಕೈಯಲ್ಲೇ ನಕಲು ಮಾಡಿ, ಬರೆದ ಹಾಳೆಯನ್ನು ಅಚ್ಚಿನ ಹಾಳೆಗಳ ನಡುವೆ ಸೇರಿಸಿ ಹೊಲಿಯುವುದು ನಮ್ಮಲ್ಲಿ ರೂಢಿ. ನಕಲು ಮಾಡುವವರು ನನ್ನ ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ. ಪ್ರೈಮರಿ ಶಾಲೆಯ ಪದ್ಮಾವತಿ ಟೀಚರ್ ಎಂದರೆ ಇಂದಿಗೂ ಮಣ್ಣಗುಡ್ಡದ ಕೆಲವು ಬಕ್ಕತಲೆಗಳು ಎದ್ದು ನಿಲ್ಲುತ್ತವೆ. ಮನೆಯಲ್ಲಿ ನಾವು ಆಡುವುದು ತುಳು. ಪುಸ್ತಕದ ವಿಷಯಕ್ಕೆ ಜಗಳವಾದರೆ ಮಾತ್ರ ಅತ್ತೆ ಕನ್ನಡಕ್ಕೆ ಬರುತ್ತಾರೆ. ಆದ್ದರಿಂದ ನನಗೆ ಬಾಲ್ಯದಲ್ಲಿ ಕನ್ನಡ ಎಂದರೆ ಕಥೆಯ ಭಾಷೆ ಮತ್ತು ಸಿಟ್ಟಿನ ಭಾಷೆ.

ಯಜಮಾನರು ಗುಜರಿಗೆ ಹಾಕಲು ಹೊರಟಿದ್ದ ಪುಸ್ತಕದ ಹೆಸರು ಹೇಳುವುದಿಲ್ಲ. ಬರೆದವರ ಮೊಮ್ಮಕ್ಕಳು ಇದೇ ಊರಿನಲ್ಲಿದ್ದರೂ ಇರಬಹುದು. ನಾಯಕಿಯ ಹೆಸರು ವನಮಾಲಾ ಎಂದಿಟ್ಟುಕೊಳ್ಳಿ. ಧಾರವಾಡದ ಹುಡುಗಿ, ದೊಡ್ಡ ಮನೆಗೆ ಮದುವೆಯಾಗಿ ಹೋಗುತ್ತಾಳೆ, ಗಂಡನ ದರ್ಪ ತಾಳಲಾರದೆ ತವರಿಗೆ ಬರುತ್ತಾಳೆ, ಶಾಲೆಯಲ್ಲಿ ಕೆಲಸ ಹಿಡಿಯುತ್ತಾಳೆ. ಇಪ್ಪತ್ತಾರನೆಯ ಕಂತಿನ ಕೊನೆಯಲ್ಲಿ ಗಂಡ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಇಪ್ಪತ್ತೇಳನೆಯದು ಕೊನೆಯ ಕಂತು. ನಮ್ಮ ಪುಸ್ತಕದಲ್ಲಿ ಅದು ಅತ್ತೆಯ ಕೈಬರಹದಲ್ಲಿದೆ. ಒಂಬತ್ತನೆಯದೂ ಹದಿನಾರನೆಯದೂ ಹಾಗೆಯೇ ಇವೆ, ಅದರಲ್ಲೇನು ವಿಶೇಷ?

ನಾನು ಅದನ್ನು ಮೊದಲು ಓದಿದ್ದು ಹದಿಮೂರನೆಯ ವಯಸ್ಸಿನಲ್ಲಿ, ಮಾವಿನಮಿಡಿ ಉಪ್ಪಿನಕಾಯಿಯ ಜೊತೆ. ಗುರುತು ಈಗಲೂ ನಾಲ್ಕನೆಯ ಕಂತಿನ ಮೇಲಿದೆ. ಎರಡನೆಯ ಸಲ ಓದಿದ್ದು ಮರುದಿನವೇ. ಮತ್ತೆ ಓದುವುದರ ಸುಖ ಗೊತ್ತಿಲ್ಲದವರು "ಕಥೆ ಗೊತ್ತುಂಟಲ್ಲ, ಮತ್ತೆ ಎಂತ ಓದುದು?" ಎಂದು ಕೇಳುತ್ತಾರೆ. ಗೊತ್ತಿರುವುದೇ ಸುಖ ಸ್ವಾಮಿ! ವನಮಾಲಾ ಆ ಪೆಟ್ಟಿಗೆ ತೆರೆಯಲು ಹೊರಟಾಗ "ಬೇಡ ಮಾರಾಯ್ತಿ, ಅದರಲ್ಲಿ ಪತ್ರ ಉಂಟು" ಎಂದು ಕೂಗಲು ಮೊದಲ ಸಲ ಓದುವವರಿಗೆ ಆಗುತ್ತದೆಯೇ? ಹನ್ನೊಂದನೆಯ ಕಂತಿನ ಸೂರ್ಯಾಸ್ತವನ್ನು ಒಂದೇ ನೆಗೆತಕ್ಕೆ ದಾಟಲು ಆಗುತ್ತದೆಯೇ? ಇನ್ನೊಂದು ತಮಾಷೆ ನೋಡಿ. ಮೊದಲ ಸಲ ಓದಿದಾಗ ವನಮಾಲಾ ನನಗೆ ಅಕ್ಕನ ಹಾಗಿದ್ದಳು. ಆಮೇಲೆ ಗೆಳತಿಯಾದಳು. ಈಗ ಓದಿದರೆ ಅವಳ ಅತ್ತೆಯ ಪಾತ್ರವಿದೆಯಲ್ಲ, ಹಲ್ಲು ಕಡಿಯುವ ಮುದುಕಿ, ಅವಳು ಹೇಳುವುದರಲ್ಲೂ ಸ್ವಲ್ಪ ನ್ಯಾಯವಿದೆ ಅನ್ನಿಸತೊಡಗಿದೆ. ಉಪ್ಪು ಹೆಚ್ಚಾದದ್ದಂತೂ ನಿಜ.

ಕಥೆ ಮುಗಿದಾಗ ಒಬ್ಬೊಬ್ಬರು ಒಂದೊಂದು ರೀತಿ ಆಡುತ್ತಾರೆ. ನಮ್ಮ ಯಜಮಾನರು ಕೊನೆಯ ಪುಟವನ್ನೇ ಮೊದಲು ಓದಿ, ಎಲ್ಲರೂ ಬದುಕಿದ್ದಾರೆಂದು ಖಚಿತಪಡಿಸಿಕೊಂಡು ಆಮೇಲೆ ಶುರು ಮಾಡುವವರು. ನನ್ನ ಶಾಲೆಯ ಗೆಳತಿ ಮುಮ್ತಾಜ್ ಇದಕ್ಕೆ ತೀರ ವಿರುದ್ಧ. ಬಂದರಿನಲ್ಲಿ ಅವರದು ಮೆಣಸು ಕೊತ್ತಂಬರಿಯ ಸಗಟು ಅಂಗಡಿ. ಒಮ್ಮೆ ಏಳು ಭಾಗಗಳ ಪತ್ತೇದಾರಿ ಕಾದಂಬರಿಯ ಏಳನೆಯ ಭಾಗದಲ್ಲಿ ಇನ್‌ಸ್ಪೆಕ್ಟರನಿಗೆ ಗುಂಡು ತಾಗಿತು. ಮುಮ್ತಾಜ್ ಅಂಗಡಿಯ ಮೂಟೆಯ ಮೇಲೆ ಕುಳಿತು ಹೋ ಎಂದು ಅತ್ತಳು. ಮೆಣಸಿನ ಘಾಟು ಎಂದು ಮೊದಲು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಊಟ ಬೇಡವೆಂದಾಗ ಅವಳ ಬಾಪ ಗಾಬರಿಯಾದರು.

"ಎಂತ ಆಯ್ತು ಮೋಳೆ?" ಎಂದು ಮಗಳನ್ನು ಕೇಳಿದರು.

"ಇನ್‌ಸ್ಪೆಕ್ಟರ್ ತೀರಿಕೊಂಡರು."

"ಪಾಪ! ಯಾವ ಸ್ಟೇಷನಿನವರು?"

ಸಂಜೆಯೊಳಗೆ ಬಂದರಿನ ನಾಲ್ಕು ಅಂಗಡಿಯವರು ಅರ್ಧ ಬಾಗಿಲು ಹಾಕಿದರಂತೆ. ವನಮಾಲೆಯ ಪುಸ್ತಕವೂ ಅವರ ಮನೆಗೆ ಹೋಗಿ ಮುಮ್ತಾಜ್, ಅವಳ ಉಮ್ಮ, ಇಬ್ಬರು ಮಾಮಿಯರು ಓದಿ ಮೂರು ತಿಂಗಳ ಮೇಲೆ ಲವಂಗದ ಪರಿಮಳದೊಂದಿಗೆ ವಾಪಸು ಬಂದಿತ್ತು.

ಇಪ್ಪತ್ತೇಳನೆಯ ಕಂತಿನ ಬಗ್ಗೆ ನಮಗೆಲ್ಲ ಒಂದೇ ಅಭಿಪ್ರಾಯ. ಅಂತಹ ಕೊನೆ ಕನ್ನಡದಲ್ಲಿ ಇನ್ನೊಂದಿಲ್ಲ. ಅಳು ಇಲ್ಲ, ಭಾಷಣ ಇಲ್ಲ. ಬಾಗಿಲಲ್ಲಿ ನಿಂತ ಗಂಡನನ್ನು ವನಮಾಲಾ ಒಳಗೆ ಕರೆದು ಕೂರಿಸಿ, ಬಿಸಿ ಗೋಳಿಬಜೆಯ ಜೊತೆ ಕಾಫಿ ಕೊಡುತ್ತಾಳೆ. ಪ್ರಯಾಣ ಹೇಗಾಯಿತೆಂದು ವಿಚಾರಿಸುತ್ತಾಳೆ. ಆಮೇಲೆ, "ನಿಮಗೆ ಐದೂವರೆಗೆ ಬಸ್ಸು ಉಂಟು. ನನಗೆ ಶಾಲೆ ಉಂಟು" ಎಂದು ಕೊಡೆ ಎತ್ತಿಕೊಂಡು ಹೊರಡುತ್ತಾಳೆ. ಅಷ್ಟೇ. ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತಿತ್ತು.

ಜುಂ ಎಂದು ಸುಮ್ಮನಿದ್ದರೆ ಸರಿ. ನನಗೆ ಇಪ್ಪತ್ತನಾಲ್ಕು ನಡೆಯುತ್ತಿದ್ದಾಗ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಚೆನ್ನಾಗಿದ್ದ, ಜಾತಕ ಕೂಡಿತ್ತು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎಂದು ಹುಡುಗನ ತಂದೆ ಗೋಡೆ ನೋಡುತ್ತಾ ಹೇಳಿದರು. ಅಪ್ಪ ತಲೆ ಆಡಿಸುವುದರಲ್ಲಿದ್ದರು. ನಾನು ಕಾಫಿಯ ತಟ್ಟೆ ಕೆಳಗಿಟ್ಟು, ವನಮಾಲೆಯ ದನಿ ತಂದುಕೊಂಡು, "ನಿಮಗೆ ಐದೂವರೆಗೆ ಬಸ್ಸು ಉಂಟು" ಎಂದೆ. ಅವರು ಬಂದದ್ದು ಬಾಡಿಗೆ ಕಾರಿನಲ್ಲಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಅಡುಗೆಮನೆಯಲ್ಲಿ ಅತ್ತೆಗೆ ಜೋರು ಕೆಮ್ಮು ಬಂತು. ಸಂಬಂಧ ತಪ್ಪಿತು, ಕೆಲಸ ಉಳಿಯಿತು. ನಾಲ್ಕು ವರ್ಷ ಕಳೆದು, ನನ್ನ ಕೆಲಸಕ್ಕೂ ನನ್ನ ಪುಸ್ತಕಗಳಿಗೂ ಹೆದರದ ಈ ಕೊನೆಯ ಪುಟದ ಮನುಷ್ಯ ಸಿಕ್ಕಿದರು.

ಇನ್ನು ಕಥೆಗೆ ಬರುತ್ತೇನೆ. ನಿವೃತ್ತರಿಗೆ ಇಲ್ಲಿ ಎರಡೇ ದಾರಿ, ಭಜನಾ ಮಂಡಳಿ ಅಥವಾ ಓದುಗರ ಬಳಗ. ನನ್ನ ಕಂಠ ಕೇಳಿದವರು ಎರಡನೆಯದಕ್ಕೆ ಕಳಿಸಿದರು. ಭಾನುವಾರ ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಒಮ್ಮೆ 'ಮರೆಯಲಾಗದ ಕೊನೆ' ಎಂಬ ವಿಷಯ ಬಂತು. ನನಗೆ ಕೇಳಬೇಕೇ! ಇಪ್ಪತ್ತು ನಿಮಿಷ ವನಮಾಲೆಯ ಬಗ್ಗೆ ಕೊರೆದೆ. ಗೋಳಿಬಜೆ ಬಿಡುವಾಗ ಎಣ್ಣೆ ಚುರ್ ಎಂದದ್ದನ್ನೂ ಬಿಡದೆ ಹೇಳಿದೆ. ಮುಗಿದಾಗ ಬ್ಯಾಂಕಿನಿಂದ ನಿವೃತ್ತರಾದ ಭಾಸ್ಕರ ರಾಯರು ಕನ್ನಡಕ ತೆಗೆದು ಒರೆಸಿದರು.

"ಟೀಚರೇ, ನೀವು ಯಾವ ವನಮಾಲಾ ಹೇಳ್ತಾ ಇದ್ದೀರಿ? ಅವಳು ವಾಪಸು ಹೋಗ್ತಾಳಲ್ಲ?"

"ಎಲ್ಲಿಗೆ?"

"ಗಂಡನ ಮನೆಗೆ. ಕಾಲಿಗೆ ಬಿದ್ದು ಕ್ಷಮೆ ಕೇಳ್ತಾಳೆ."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಬಳಗವೂ ನಕ್ಕಿತು. ನೀವು ಸರಿಯಾಗಿ ಓದಿಲ್ಲ ಎಂದು ನಾನು, ನೀವು ಓದಿದ್ದು ಬೇರೆ ಎಂದು ಅವರು. ಮಾತು ಏರಿ, ಮುಂದಿನ ಭಾನುವಾರ ಪುಸ್ತಕ ತಂದು ತೋರಿಸುತ್ತೇನೆ, ಸೋತರೆ ನಿಮ್ಮ ಅಚ್ಚಾಗದ ಆರುನೂರು ಪುಟದ ಕಾದಂಬರಿಯನ್ನು ನೀವು ಓದಿ, ನಾನು ಕೂತು ಕೇಳುತ್ತೇನೆ ಎಂದು ಪಂಥ ಕಟ್ಟಿದೆ. ಬಳಗದ ಯಾರೂ ಈವರೆಗೆ ಅಂತಹ ಸಾಹಸಕ್ಕೆ ಕೈ ಹಾಕಿರಲಿಲ್ಲ. ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಆ ಧಾರಾವಾಹಿ ಆಮೇಲೆ ಪುಸ್ತಕವಾಗಿ ಅಚ್ಚಾದದ್ದು ರಾಯರ ಬಳಿ ಇತ್ತಂತೆ. ಕೊನೆಯ ಪುಟದ ಫೋಟೋ ಕಳಿಸಿದ್ದರು. ಹಿಗ್ಗಿಸಿ ಓದಿದೆ. ವನಮಾಲಾ ಗಂಡನ ಪಾದಕ್ಕೆ ಹಣೆ ಹಚ್ಚಿದ್ದಳು. ಮರುದಿನ ಸೂರ್ಯನಿಗಿಂತ ಮೊದಲೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಮನೆಯ ಒಲೆ ಹಚ್ಚಿದ್ದಳು.

ನಗೆಪಾಟಲಿಗೀಡಾದದ್ದು ದೊಡ್ಡದಲ್ಲ, ಅದು ನನಗೆ ಅಭ್ಯಾಸವಿದೆ. ಆದರೆ ಇಡೀ ಜೀವನ ಒಂದು ಹೆಣ್ಣಿನ ಬೆನ್ನಿಗೆ ಒರಗಿ ನಿಂತು, ಈಗ ತಿರುಗಿ ನೋಡಿದರೆ ಅವಳು ಅಲ್ಲಿರಲೇ ಇಲ್ಲ ಎಂದರೆ ಹೇಗಾಗಬೇಡ? ನಾನು ಯಾರ ಮಾತು ನಂಬಿ ಆ ಬಾಡಿಗೆ ಕಾರನ್ನು ವಾಪಸು ಕಳಿಸಿದೆ? ನನಗೆ ನಿಜವಾಗಿಯೂ ಅಳು ಬಂತು. ಪುಸ್ತಕ ತೆಗೆದು ಇಪ್ಪತ್ತೇಳನೆಯ ಕಂತನ್ನು ಮೊದಲ ಬಾರಿಗೆ ಅನುಮಾನದಿಂದ ಓದಿದೆ. ಅಯ್ಯೋ ನನ್ನ ಬುದ್ಧಿಯೇ! ಧಾರವಾಡದ ಹುಡುಗಿ ನಮ್ಮ ಕರಾವಳಿಯ ಗೋಳಿಬಜೆ ಕರಿಯುತ್ತಾಳೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡಿರುತ್ತಾಳೆ. ಇಪ್ಪತ್ತಾರು ಕಂತು ಜೋಳದ ರೊಟ್ಟಿ ತಟ್ಟಿದವಳು! ಮೂವತ್ತು ಸಲ ಓದಿಯೂ ನನಗೆ ಹೊಳೆಯಲಿಲ್ಲ, ಯಾಕೆಂದರೆ ನಾನೂ ಅದನ್ನೇ ಉಣ್ಣುತ್ತಿದ್ದೆ.

ಅತ್ತೆಗೆ ಈಗ ಎಂಬತ್ತನಾಲ್ಕು. ನಮ್ಮ ಜೊತೆಯಲ್ಲೇ ಇದ್ದಾರೆ. ಬಾಲ್ಕನಿಯಲ್ಲಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ನಾನು ಪುಸ್ತಕವನ್ನು ಅವರ ಮುಂದೆ ಹಿಡಿದೆ.

"ಅತ್ತೆ, ಈ ಕೊನೆಯ ಕಂತು ಬರೆದದ್ದು ಯಾರು?"

"ನಾನೇ. ನನ್ನ ಅಕ್ಷರ ಗೊತ್ತಾಗುದಿಲ್ವಾ ನಿನಗೆ?"

"ಕಾಪಿ ಮಾಡಿದ್ದಲ್ವಾ?"

"ಎಂತ ಕಾಪಿ? ನಾನೇ ಬರೆದದ್ದು. ನೀವು ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಕನ್ನಡಕ್ಕೆ ಬಂದಿದ್ದರು, ಅಂದರೆ ಸಿಟ್ಟು ಇನ್ನೂ ಆರಿರಲಿಲ್ಲ. ಸಿಟ್ಟು ನನ್ನ ಮೇಲಲ್ಲ, ಐವತ್ತು ವರ್ಷ ಹಿಂದಿನ ಆ ಲೇಖಕರ ಮೇಲೆ.

ಇಲ್ಲಿ ನಮ್ಮ ಮಾವನ ವಿಷಯ ಹೇಳಬೇಕು. ಅತ್ತೆಯ ಗಂಡ ಘಟ್ಟದ ಮೇಲೆ ಹೋಟೆಲು ಇಟ್ಟಿದ್ದವರು. ಮದುವೆಯಾಗಿ ಮೂರು ವರ್ಷಕ್ಕೆ ಅತ್ತೆ ಟ್ರಂಕಿನೊಂದಿಗೆ ತವರಿಗೆ ಬಂದು ಶಾಲೆಗೆ ಸೇರಿದರು. ಮಾವ ಎಲ್ಲಿ ಎಂದು ಯಾರಾದರೂ ಕೇಳಿದರೆ "ಘಟ್ಟದ ಮೇಲೆ" ಎನ್ನುತ್ತಿದ್ದೆವು, ಸರಕಾರವೇ ಅವರನ್ನು ಅಲ್ಲಿಗೆ ನೇಮಿಸಿದ ಹಾಗೆ. ಯಾಕೆ ಬಂದರು ಎಂದು ನಾವು ಮಕ್ಕಳು ಕೇಳುವಂತಿರಲಿಲ್ಲ. ಆ ದಿನ ಕೇಳಿದೆ.

"ಹೊಡೀತಿದ್ರಾ ಅತ್ತೆ?"

"ಇಲ್ಲಪ್ಪ. ನಾನು ಓದ್ತಾ ಇದ್ದ ಪುಸ್ತಕದ ಹಾಳೆ ಹರಿದು ಬೋಂಡ ಕಟ್ಟಿ ಕೊಟ್ಟರು ಗಿರಾಕಿಗೆ. ಕೇಳಿದ್ದಕ್ಕೆ, ಹೆಂಗಸರಿಗೆ ಎಂತಕ್ಕೆ ಓದು ಅಂದರು. ಓದಿ ಆಗದ ಹಾಳೆ ಮಾರಾಯ್ತಿ! ಆ ಕಥೆಯ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ."

ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅತ್ತೆ ಉಳಿದದ್ದನ್ನೂ ಹೇಳಿದರು. ವನಮಾಲೆಯ ಕೊನೆಯ ಕಂತು ಬಂದದ್ದು ಒಂದು ಗುರುವಾರ. ಆ ಭಾನುವಾರ ಮಾವನೂ ಅವರ ಕಡೆಯ ಹಿರಿಯರೂ ಅತ್ತೆಯನ್ನು ಕರೆದೊಯ್ಯಲು ಬರುವವರಿದ್ದರು. ಅಜ್ಜ ಒಪ್ಪಿಯಾಗಿತ್ತು. ಟ್ರಂಕಿನ ಧೂಳು ಕೊಡವಿಯಾಗಿತ್ತು.

"ಅವಳು ಎಂತ ಮಾಡ್ತಾಳೆ ನೋಡುವ, ನಾನೂ ಹಾಗೇ ಮಾಡುವ ಅಂತ ಕಾದದ್ದು ನಾನು. ಇಪ್ಪತ್ತಾರು ವಾರ ಕಾದಿದ್ದೇನೆ. ನೋಡಿದರೆ ಆ ಮನುಷ್ಯ ಅವಳನ್ನು ಕಳಿಸಿಬಿಟ್ಟ! ಹಾಳೆ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ನೀರು ಒಳ್ಳೆ ಬಿಸಿಯಾಯ್ತು. ಶುಕ್ರವಾರ ಶಾಲೆಯಲ್ಲಿ ಮಕ್ಕಳಿಗೆ ಕಾಪಿ ಬರೆಯಲಿಕ್ಕೆ ಕೊಟ್ಟು ನಾನು ಇದನ್ನು ಬರೆದೆ. ಬರೆದು ಒಮ್ಮೆ ಓದಿದೆ. ಸರಿ ಉಂಟು ಅನ್ನಿಸಿತು."

"ಭಾನುವಾರ?"

"ಬಂದರು. ಕಾಫಿ ಕೊಟ್ಟೆ, ಗೋಳಿಬಜೆ ಕೊಟ್ಟೆ. ಐದೂವರೆಗೆ ಬಸ್ಸು ಉಂಟು ಅಂದೆ. ಬರೆದಾಗಿತ್ತಲ್ಲ ಮಗಾ, ಮತ್ತೆ ಹೇಗೆ ಹೋಗುದು?"

ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು, "ಬಸಳೆಯ ಲೋಳೆ ಉಂಟು, ಕೈ ಬಿಡು" ಎಂದರು. ಶಾರ್ಜಾದಲ್ಲಿ ಈಗ ಅಜ್ಜಿಯಾಗಿರುವ ಮುಮ್ತಾಜಳಿಗೆ ವಿಷಯ ತಿಳಿಸಿದೆ. ಎರಡೇ ನಿಮಿಷದಲ್ಲಿ ಅವಳ ದನಿ ಬಂತು. "ಅಚ್ಚಾದದ್ದೇ ಸುಳ್ಳು ಮಾರಾಯ್ತಿ. ನಮ್ಮ ಉಮ್ಮ ಓದಿದ್ದು ಇದನ್ನೇ. ಪದ್ಮಾವತಿ ಟೀಚರಿಗೆ ನನ್ನ ಸಲಾಂ ಹೇಳು."

ಭಾನುವಾರ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಆಟೋದಲ್ಲಿ ನೆಟ್ಟಗೆ ಕುಳಿತು ಕದ್ರಿಗೆ ಬಂದರು. ನಾನು ಎಲ್ಲರೆದುರು ಸೋಲು ಒಪ್ಪಿಕೊಂಡು ನಡೆದದ್ದನ್ನು ಹೇಳಿದೆ. ಅತ್ತೆ ಭೂತಗನ್ನಡಿ ಹಿಡಿದು ಇಪ್ಪತ್ತೇಳನೆಯ ಕಂತನ್ನು ತಾವೇ ಓದಿದರು. ಒಂದನೆಯ ಕ್ಲಾಸಿಗೆ ಪಾಠ ಓದುವ ಹಾಗೆ, ಪ್ರತಿಯೊಂದು ಮಾತೂ ಹಿಂದಿನ ಬೆಂಚಿಗೆ ಕೇಳಬೇಕು. ವಾಕಿಂಗಿಗೆ ಬಂದವರೂ ನಿಂತು ಕೇಳಿದರು. ಬಸ್ಸಿನ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಕೊಡೆ ಎತ್ತುವುದು ಬಾಕಿ ಉಂಟು ಎಂದು ಅತ್ತೆ ಗದರಿದರು.

ಭಾಸ್ಕರ ರಾಯರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪಂಥ ಗೆದ್ದವರು, ಮುಖದಲ್ಲಿ ಗೆಲುವಿಲ್ಲ.

"ನನ್ನ ತಂಗಿ ಶಾಂತಾ ಕೂಡ ಆಗ ಇದನ್ನು ವಾರವಾರ ಓದ್ತಿದ್ದಳು ಟೀಚರೇ" ಎಂದು ಅತ್ತೆಗೆ ಹೇಳಿದರು. "ಅವಳೂ ಗಂಡನ ಮನೆಯಿಂದ ಬಂದು ಕೂತಿದ್ದಳು. ಕೊನೆಯ ಕಂತು ಬಂದ ವಾರ ಅವಳಾಗಿಯೇ ಸೀರೆ ಮಡಚಿ, ನನ್ನನ್ನು ಬಿಟ್ಟು ಬಾ ಅಣ್ಣ ಅಂದಳು. ಒಳ್ಳೆಯದಾಯ್ತು ಅಂತ ನಾನೇ ಬಿಟ್ಟು ಬಂದೆ. ಅವಳು ಓದಿದ್ದು ಅಚ್ಚಿನದ್ದು."

ಅತ್ತೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು.

"ಈಗ ಎಲ್ಲಿ ಇರುದು ಅವಳು?"

"ಸುರತ್ಕಲ್ಲಿನಲ್ಲಿ. ಅವಳ ಗಂಡ ತೀರಿಹೋಗಿ ಎರಡು ವರ್ಷ ಆಯ್ತು."

"ಹಾಗಾದರೆ ಇದನ್ನು ಕೊಂಡುಹೋಗಿ ಕೊಡಿ" ಎಂದು ಅತ್ತೆ ಪುಸ್ತಕವನ್ನು ಅವರ ಕೈಗೆ ಇಟ್ಟರು. ನಾನು ಹೌಹಾರಿದೆ. ಸ್ಟೂಲಿನಿಂದ ಹಾರಿ ಉಳಿಸಿದ ಪುಸ್ತಕ! ಅತ್ತೆ ನನ್ನ ಕಡೆ ನೋಡಲೂ ಇಲ್ಲ.

ಪುಸ್ತಕ ಇಲ್ಲದ ಐದು ವಾರ ನಾನು ಕೈ ಮುರಿದವಳ ಹಾಗೆ ಕಳೆದೆ. ಸೋತವಳಾದ್ದರಿಂದ ರಾಯರ ಕಾದಂಬರಿಯನ್ನು ಕೇಳುವ ಕೆಲಸವೂ ಶುರುವಾಗಿತ್ತು. ನಾಯಕ ಇನ್ನೂ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾನೆ. ಸುರತ್ಕಲ್ಲಿನಿಂದ ಸುದ್ದಿಯಿಲ್ಲ. ಆ ಹೆಂಗಸಿಗೆ ಸಂಕಟವಾಯಿತೋ ಏನೋ, ಕಳೆದುಹೋದ ಐವತ್ತು ವರ್ಷವನ್ನು ಎದುರಿಗೆ ಹಿಡಿದು ತೋರಿಸಿದ ಹಾಗಾಯಿತೋ ಏನೋ ಎಂದು ನಾನು ಪೇಚಾಡಿದರೆ ಅತ್ತೆ, "ಓದುವವರು ನಿಧಾನ ಓದ್ಲಿ, ನಿನಗೆ ಎಂತ ಅರ್ಜೆಂಟು?" ಎಂದರು. ಆದರೆ ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅವರ ಕತ್ತು ನನಗಿಂತ ಮೊದಲು ತಿರುಗುತ್ತಿತ್ತು.

ಆರನೆಯ ವಾರ ರಾಯರು ಬಟ್ಟೆಯ ಚೀಲದಲ್ಲಿ ಪುಸ್ತಕ ತಂದುಕೊಟ್ಟರು. "ತಂಗಿ ಟೀಚರಿಗೇ ಕೊಡು ಅಂದಳು" ಎಂದರು. ಪುಸ್ತಕ ಮೊದಲಿಗಿಂತ ದಪ್ಪಗಿತ್ತು. ಬೆನ್ನಿನ ಹೊಲಿಗೆಗೆ ಒತ್ತಿ ಹೊಸ ಬಿಳಿ ದಾರದ ಹೊಲಿಗೆ. ಕೊನೆಯಲ್ಲಿ ಗೆರೆ ಹಾಕಿದ ಹಾಳೆಗಳು, ಸಣ್ಣ ಅಕ್ಷರ, ಅಲ್ಲಲ್ಲಿ ಹೊಡೆದುಹಾಕಿ ತಿದ್ದಿದ್ದು. ಮೇಲೆ 'ಇಪ್ಪತ್ತೆಂಟನೆಯ ಕಂತು' ಎಂದು ಬರೆದು ಅಡಿಗೆರೆ ಎಳೆದಿತ್ತು.

"ಎಂತ ಬರೆದಿದ್ದಾಳೆ? ಓದು ಮಾರಾಯ್ತಿ, ಕಾಯಿಸಬೇಡ" ಎಂದು ಅತ್ತೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

ನಾನು ಓದಿದೆ. "ಮರುದಿನ ವನಮಾಲಾ ಎಂಟು ಗಂಟೆಗೆ ಎದ್ದಳು. ಯಾರೂ ಅವಳನ್ನು ಎಬ್ಬಿಸಿರಲಿಲ್ಲ."